ಮನೆಯಲ್ಲೊಂದು ದಾಲ್ಚಿನ್ನಿ ಬನ್ನು

ಸ್ವೀಡನ್ ದೇಶದಲ್ಲಿ ಅಕ್ಟೋಬರ್ 4ನೆಯ ತಾರೀಖಿಗೆ ಒಂದು ವಿಶೇಷವುಂಟು. ಅಂದು ಆ ನಾಡಿನವರು ಒಂದು ಬನ್ನಿನ ಹೆಸರಿನಲ್ಲಿ ಹಬ್ಬ ಮಾಡುತ್ತಾರೆ. ಅದರ ಹೆಸರು ಕನೆಲ್‌ಬುಲ್ಲೆ, ಅಂದರೆ ದಾಲ್ಚಿನ್ನಿಯ ಬನ್ನು. ಈ ಆಚರಣೆ ಪುರಾತನವಾದುದೇನಲ್ಲ. ಮನೆಯಲ್ಲಿ ಬನ್ನು, ಬ್ರೆಡ್ಡು ಬೇಯಿಸುವ ರೂಢಿಯನ್ನು ಪ್ರೋತ್ಸಾಹಿಸುವ ಮಂಡಳಿಯೊಂದು 1999ರಲ್ಲಿ ಇದನ್ನು ಆರಂಭಿಸಿತು. ಮಂಡಳಿಯ ಹಿಂದೆ ಹಿಟ್ಟು, ಸಕ್ಕರೆ, ಯೀಸ್ಟು ಮಾರುವವರಿದ್ದರು. ಆದುದರಿಂದ ವ್ಯಾಪಾರದ ಹಿತವೂ ಇದರಲ್ಲಿ ಇತ್ತೆನ್ನಬೇಕು. ಆದರೂ ಜನ ಅದನ್ನು ತಮ್ಮದೆಂದೇ ಒಪ್ಪಿಕೊಂಡರು. ಏಕೆಂದರೆ ಮೊದಲನೆಯ ಮಹಾಯುದ್ಧದ ಅಭಾವದ ದಿನಗಳು ಕಳೆದು ಬೆಣ್ಣೆ, ಸಕ್ಕರೆ, ಮಸಾಲೆಗಳು ಮತ್ತೆ ಕೈಗೆಟುಕಿದಂದಿನಿಂದ ಈ ಬನ್ನು ಅಲ್ಲಿಯ ಮನೆಮನೆಗಳಲ್ಲಿ ನೆಲೆಯೂರಿತ್ತು.

ನನ್ನ ಮಗಳು ಉದ್ಯೋಗದ ನಿಮಿತ್ತ ಕೆಲವು ವರ್ಷ ಆ ದೇಶದಲ್ಲಿದ್ದಳು. ನಾನು ಅಧ್ಯಾಪನದಿಂದ ನಿವೃತ್ತನಾದ ಮೇಲೆ ಅವಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆ. ಪಕ್ಕದ ಮನೆಯ ವೃದ್ಧ ಮಹಿಳೆಯೊಬ್ಬರು ನನಗೆ ಈ ವಿದ್ಯೆಯನ್ನು ಹೇಳಿಕೊಟ್ಟರು. ಈಗ ಮೈಸೂರಿನ ನಮ್ಮ ಅಡಿಗೆಮನೆಯಲ್ಲಿ ಆಗಾಗ ಅದನ್ನು ಮಾಡುತ್ತೇನೆ. ಕೇಳುಗ ಮಿತ್ರರೇ, ಕನ್ನಡದ ಮೇಷ್ಟರಿಗೆ ಬನ್ನಿನ ಉಸಾಬರಿ ಏಕೆಂದು ನೀವು ಕೇಳಬಹುದು. ಮಾತಿನಿಂದಲೇ ಆರಂಭಿಸುತ್ತೇನೆ.

ದಾಲ್ಚಿನ್ನಿ ಎಂಬ ನಮ್ಮ ಮಾತಿನ ಮೂಲ ಪಾರಸಿ ಭಾಷೆಯ ದಾರ್‌ಚೀನಿ. ದಾರ್ ಎಂದರೆ ಮರ; ದಾರ್‌ಚೀನಿ ಎಂದರೆ ಚೀನದ ಮರ. ಸಂಸ್ಕೃತದಲ್ಲಿ ಇದಕ್ಕೆ ತ್ವಕ್ ಎಂದರು, ಅಂದರೆ ತೊಗಟೆ. ಸ್ವೀಡಿಷರ ಕನೆಲ್ ಎಂಬುದು ಕೊಳವೆಯನ್ನು, ಜೊಂಡನ್ನು ಸೂಚಿಸುವ ಲ್ಯಾಟಿನ್ ಮಾತಿನಿಂದ ಹೊರಟದ್ದು. ಒಬ್ಬರು ಅದು ಬಂದ ದಿಕ್ಕನ್ನು ಕಂಡರು, ಇನ್ನೊಬ್ಬರು ಅದರ ವಸ್ತುವನ್ನು, ಮತ್ತೊಬ್ಬರು ಅದರ ಆಕಾರವನ್ನು. ಅದನ್ನು ಸುಲಿದವರ ನೆನಪು ಮಾತ್ರ ಯಾವ ಹೆಸರಿನಲ್ಲಿಯೂ ಉಳಿಯಲಿಲ್ಲ. ಉತ್ತಮ ದಾಲ್ಚಿನ್ನಿಯ ತವರು ಸಿಂಹಳ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಅಲ್ಲಿಗೆ ಬಂದರು. 1658ರಲ್ಲಿ ಅವರನ್ನು ಡಚ್ಚರು ಹೊರಗಟ್ಟಿದರು. 1796ರಲ್ಲಿ ಡಚ್ಚರ ಸ್ಥಾನಕ್ಕೆ ಇಂಗ್ಲಿಷರು ಬಂದರು. ಡಚ್ಚರು 1760ರ ದಶಕದಲ್ಲಿ ತೋಟ ಹಾಕಿ ಬೆಳೆಸಲು ತೊಡಗುವ ತನಕ ಈ ತೊಗಟೆಯನ್ನು ಕಾಡಿನಿಂದಲೇ ಸುಲಿದು ತರಬೇಕಾಗಿತ್ತು. ಸಾಲಗಾಮ ಎಂಬ ಜಾತಿಯ ಜನರಿಂದ ಈ ಕೆಲಸವನ್ನು ಒತ್ತಾಯದ ದುಡಿಮೆಯಾಗಿ ಮಾಡಿಸುತ್ತಿದ್ದರು. ಒಂದು ಚಮಚ ಪುಡಿಯ ಹಿಂದೆ ಇಷ್ಟು ಚರಿತ್ರೆಯಿದೆ.

ಪೇಟೆಯಲ್ಲಿ ಸಿಗುವ ದಾಲ್ಚಿನ್ನಿಯಲ್ಲಿ ಎರಡು ಬಗೆ. ಸಿಂಹಳದ್ದು ತೆಳು, ಕಾಗದದಂಥ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಚೀನ, ಇಂಡೋನೇಷ್ಯಾ, ವಿಯಟ್ನಾಂ ಕಡೆಯ ಕ್ಯಾಸಿಯಾ ಎಂಬುದು ದಪ್ಪ, ಗಟ್ಟಿ, ಖಾರ. ನಮ್ಮ ಅಂಗಡಿಗಳಲ್ಲಿ ಚಕ್ಕೆಯೆಂದು ಕೊಡುವುದು ಸಾಮಾನ್ಯವಾಗಿ ಈ ಎರಡನೆಯದು. ಇದರಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು. ಬಹಳ ದಿನ, ಬಹಳ ಪ್ರಮಾಣದಲ್ಲಿ ತಿಂದರೆ ಅದು ಕೆಲವರ ಯಕೃತ್ತಿಗೆ ತೊಂದರೆ ಕೊಡಬಲ್ಲುದು. ಯೂರೋಪಿನ ಒಕ್ಕೂಟ 2008ರಲ್ಲಿ ಇದಕ್ಕೆ ಮಿತಿ ಹಾಕಿತು: ಬೇಯಿಸಿದ ನಿತ್ಯದ ತಿನಿಸಿಗೆ ಕಿಲೋಗ್ರಾಮಿಗೆ 15 ಮಿಲಿಗ್ರಾಂ, ಸಾಂಪ್ರದಾಯಿಕ ಅಥವಾ ಹಬ್ಬದ ದಾಲ್ಚಿನ್ನಿ ತಿನಿಸಿಗೆ 50. ಡೆನ್ಮಾರ್ಕಿನಲ್ಲಿ 2013ರಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ಅವರ ದಾಲ್ಚಿನ್ನಿ ಸುರುಳಿ ನಿತ್ಯದ ತಿನಿಸೋ, ಸಂಪ್ರದಾಯದ ತಿನಿಸೋ? ಒಂದು ವಿಶೇಷಣದ ಅರ್ಥನಿರ್ಣಯದ ಮೇಲೆ ಬೇಕರಿಗಳ ಬದುಕು ನಿಂತಿತ್ತು! ಮನೆಯಲ್ಲಿ ಮಾಡುವವರಿಗೆ ಈ ವ್ಯಾಜ್ಯವಿಲ್ಲ. ಅಪರೂಪಕ್ಕೆ ಮಾಡುವುದಾದರೆ ಯಾವ ಚಕ್ಕೆಯಾದರೂ ಸರಿಯೇ. ಮಕ್ಕಳಿಗಾಗಿ ಮೇಲಿಂದ ಮೇಲೆ ಮಾಡುವುದಾದರೆ ತೆಳು ಪದರದ ಸಿಂಹಳದ ಚಕ್ಕೆಯನ್ನು ಹುಡುಕಿ ತರುವುದು ಲೇಸು.

ಇನ್ನು ಪಾಕಕ್ಕೆ ಬರೋಣ. ಹೋಳಿಗೆಯಂತೆ ಇದಕ್ಕೂ ಒಂದು ಕಣಕ, ಒಂದು ಹೂರಣ. ಇಪ್ಪತ್ತು ಬನ್ನುಗಳ ಕಣಕಕ್ಕೆ ಕಾಲು ಲೀಟರ್ ಹಾಲು, 75 ಗ್ರಾಂ ಬೆಣ್ಣೆ, 45 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಸುಮಾರು 420 ಗ್ರಾಂ ಮೈದಾ, ಕುಟ್ಟಿದ ಏಲಕ್ಕಿ ಒಂದು ಚಮಚ. ಹೌದು, ಏಲಕ್ಕಿ, ನಮ್ಮ ಮಲೆನಾಡಿನ ಗಿಡದ ಈ ಪರಿಮಳವಿಲ್ಲದೆ ಸ್ವೀಡನ್ನಿನ ಬನ್ನಿನ ಕಣಕವಿಲ್ಲ. ಹೂರಣಕ್ಕೆ 50 ಗ್ರಾಂ ಮೆತ್ತನೆಯ ಬೆಣ್ಣೆ, 45 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ದಾಲ್ಚಿನ್ನಿ ಪುಡಿ. ಯೀಸ್ಟಿನ ಅಳತೆಯನ್ನು ಬೇಕೆಂದೇ ತಡೆದಿದ್ದೇನೆ.

ಏಲಕ್ಕಿಯನ್ನು ಕಣಕದಲ್ಲಿ ಕಲಸುವವರು ದಾಲ್ಚಿನ್ನಿಯನ್ನು ಮಾತ್ರ ಹೂರಣದಲ್ಲಿಡುವುದೇಕೆ? ಯೀಸ್ಟು ಜೀವವುಳ್ಳದ್ದು; ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಅದು ಬಿಡುವ ಅನಿಲದಿಂದಲೇ ಕಣಕ ಉಬ್ಬುವುದು. ದಾಲ್ಚಿನ್ನಿಯ ತೈಲಕ್ಕೆ ಬೂಷ್ಟನ್ನೂ ಯೀಸ್ಟನ್ನೂ ಅಡಗಿಸುವ ಗುಣವಿದೆ. ಅದನ್ನು ಕಣಕದಲ್ಲಿ ಧಾರಾಳವಾಗಿ ಬೆರೆಸಿದರೆ ಹಿಟ್ಟು ಏಳಲು ತಡವರಿಸುತ್ತದೆ. ಬೆಣ್ಣೆಯೊಡನೆ ಕಲಸಿ, ಹಾಸಿದ ಕಣಕದ ಮೇಲೆ ಸವರಿ, ಸುರುಳಿ ಸುತ್ತಿದರೆ ಎರಡೂ ತಮ್ಮ ತಮ್ಮ ಜಾಗದಲ್ಲಿದ್ದು ತಮ್ಮ ಕೆಲಸ ಮಾಡುತ್ತವೆ. ಕಣ್ಣಿಗೆ ಅಲಂಕಾರವೆಂದು ತೋರುವ ಆ ಸುರುಳಿಯಿಂದ ಇಂಥದೊಂದು ಅನುಕೂಲವೂ ಇದೆ.

ಹಾಲನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಬೇಕೆಂದು ಅಲ್ಲಿಯ ಪುಸ್ತಕಗಳು ಹೇಳುತ್ತವೆ. ಆ ಮಹಿಳೆ ಉಷ್ಣಮಾಪಕವನ್ನು ಮುಟ್ಟಿದವರಲ್ಲ. ಕಿರುಬೆರಳನ್ನು ಅದ್ದಿ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನಿಸಿದಾಗ ಯೀಸ್ಟು ಕದಡುತ್ತಿದ್ದರು. ಮೈಯ ಕಾವೇ 37 ಡಿಗ್ರಿಯಲ್ಲವೇ? ಹಾಲು 60 ಡಿಗ್ರಿ ಮುಟ್ಟಿದರೆ ಯೀಸ್ಟು ಸಾಯುತ್ತದೆ. ಬಳಿಕ ಹಿಟ್ಟು ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ನಾದಿದಷ್ಟೂ ಗೋಧಿಯ ಅಂಟು ಹೆಣೆದುಕೊಂಡು ಅನಿಲವನ್ನು ಹಿಡಿದಿಡುವ ಜಾಲವಾಗುತ್ತದೆ. ಒಂದು ಚೂರನ್ನು ಎಳೆದರೆ ಹರಿಯದೆ ಬೆಳಕು ಕಾಣುವಷ್ಟು ತೆಳುವಾದಾಗ ನಾದಿದ್ದು ಸಾಕು. ಕಣಕ ಕೈಗೆ ತುಸು ಅಂಟುವಂತೆಯೇ ಇರಲಿ; ಅಂಟುತ್ತದೆಂದು ಹಿಟ್ಟು ಸುರಿಯುತ್ತ ಹೋದರೆ ಬನ್ನು ಒಣಕಲಾಗುತ್ತದೆ.

ಈಗ ಯೀಸ್ಟಿನ ಮಾತು. ಸ್ವೀಡನ್ನಿನ ಪಾಕದಲ್ಲಿ ಇಷ್ಟು ಹಿಟ್ಟಿಗೆ 25 ಗ್ರಾಂ ಹಸಿ ಯೀಸ್ಟು. ಒಣಗಿದ್ದಾದರೆ ಅದರ ಮೂರನೆಯ ಒಂದು ಪಾಲು, ಅಂದರೆ ಸುಮಾರು 8 ಗ್ರಾಂ. ಮೈಸೂರಿನಲ್ಲಿ ನಾನು ಹಾಕುವುದು 5 ಗ್ರಾಂ. ಆ ಅಳತೆ ಹುಟ್ಟಿದ್ದು ತಂಪು ನಾಡಿನ ಅಡಿಗೆಮನೆಯಲ್ಲಿ. ನಮ್ಮ ಬೇಸಗೆಯಲ್ಲಿ ಅದೇ ಯೀಸ್ಟು ಆತುರದಿಂದ ಕೆಲಸ ಮಾಡಿ, ರುಚಿ ಕೂಡುವ ಮೊದಲೇ ಹಿಟ್ಟನ್ನು ಉಬ್ಬಿಸಿಬಿಡುತ್ತದೆ. ದೋಸೆ ಹಿಟ್ಟು ಮಾಗಿಯಲ್ಲಿ ತಡವಾಗಿಯೂ ಚೈತ್ರದಲ್ಲಿ ಬೇಗನೆಯೂ ಹುಳಿಯೇರುವುದನ್ನು ಬಲ್ಲ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಿಷ್ಟು ನಿಮಿಷವೆಂದು ಗಡಿಯಾರ ನೋಡದೆ, ಕಣಕ ಎರಡರಷ್ಟಾಯಿತೇ ಎಂದು ನೋಡಿ. ಏಪ್ರಿಲ್ ತಿಂಗಳ ಮಧ್ಯಾಹ್ನವಾದರೆ ಹೂರಣದ ಬೆಣ್ಣೆ ಕರಗಿ ಹರಿಯುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ಮಾಡುವುದು ಒಳ್ಳೆಯದು.

ಉಬ್ಬಿದ ಕಣಕವನ್ನು 50 ಸೆಂಟಿಮೀಟರ್ ಉದ್ದ, 30 ಅಗಲ ಬರುವಂತೆ ಲಟ್ಟಿಸಿ, ಹೂರಣ ಸವರಿ, ಉದ್ದದ ಅಂಚಿನಿಂದ ಚಾಪೆ ಸುತ್ತಿದಂತೆ ಸುತ್ತಿ, ಎರಡೂವರೆ ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ. ತಟ್ಟೆಯಲ್ಲಿ ಹರಡಿ, ಬಟ್ಟೆ ಮುಚ್ಚಿ, ಮತ್ತೊಮ್ಮೆ ಏಳಲು ಬಿಡಿ. ಬೆರಳಿನಿಂದ ಮೆಲ್ಲನೆ ಒತ್ತಿದಾಗ ಗುಳಿ ತಟ್ಟನೆ ಮುಚ್ಚಿದರೆ ಇನ್ನೂ ಹೊತ್ತುಂಟು. ನಿಧಾನವಾಗಿ ಮುಚ್ಚಿದರೆ ಹದ. ಮುಚ್ಚದೇ ಉಳಿದರೆ ಹೊತ್ತು ಮೀರಿತು. ಮೇಲೆ ಮೊಟ್ಟೆ ಅಥವಾ ಹಾಲು ಸವರಿ, ದಪ್ಪ ಸಕ್ಕರೆಯ ಹರಳು ಉದುರಿಸಿ, 225 ಡಿಗ್ರಿ ಕಾವಿನ ಒಲೆಯಲ್ಲಿ 8ರಿಂದ 10 ನಿಮಿಷ ಬೇಯಿಸಿದರೆ ಸಾಕು. ನಮ್ಮ ಮನೆಯ ಸಣ್ಣ ವಿದ್ಯುತ್ ಒಲೆಯಲ್ಲಿ ತಳ ಸೀಯದಂತೆ 200 ಡಿಗ್ರಿಯಲ್ಲಿ 12 ನಿಮಿಷ. ಹೊರತೆಗೆದೊಡನೆ ಬಟ್ಟೆ ಮುಚ್ಚಿದರೆ ಹಬೆ ಒಳಗೇ ನಿಂತು ಬನ್ನು ಮೆತ್ತಗಿರುತ್ತದೆ.

ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಇಷ್ಟು ಶ್ರಮವೇಕೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ನನ್ನ ಉತ್ತರ ಇಷ್ಟೆ. ಕೈಯಲ್ಲಿದ್ದ ಅರಿವು ಬರಹಕ್ಕೆ ಇಳಿಯುವಾಗ ಸಾಮಾನ್ಯವಾಗಿ ಅಳತೆ ಉಳಿಯುತ್ತದೆ, ಕಾರಣ ಕಳೆದುಹೋಗುತ್ತದೆ. ಅಳತೆಯನ್ನಷ್ಟೇ ಬಲ್ಲವನು ಒಂದು ಊರಿನ ಅಡಿಗೆಮನೆಗೆ ಕಟ್ಟುಬಿದ್ದವನು. ಕಾರಣ ಬಲ್ಲವನು ಯಾವ ಸೀಮೆಯಲ್ಲಿಯೂ ತನ್ನ ಒಲೆ ಹೊತ್ತಿಸಬಲ್ಲ. ನನ್ನ ತಾಯಿಯವರ ಕೈಯಲ್ಲಿದ್ದ ಹಲವು ಪಾಕಗಳ ಅಳತೆಯನ್ನು ನಮ್ಮ ಮನೆಯ ಹಳೆಯ ಪುಸ್ತಕವೊಂದು ಉಳಿಸಿಕೊಂಡಿದೆ. ಕಾರಣಗಳನ್ನು ಕೇಳಲು ಈಗ ಅವರಿಲ್ಲ. ಆದ್ದರಿಂದ ಹಿಟ್ಟಿಗೆ ಗುಳಿಯೊತ್ತಿ ನೋಡುವ ಕೆಲಸವನ್ನು ನಾನು ಮಕ್ಕಳಿಗೇ ಬಿಡುತ್ತೇನೆ. ಇನ್ನೂ ಹೊತ್ತುಂಟೋ, ಹದವಾಯಿತೋ ಎಂದು ಅವರು ತಾವಾಗಿಯೇ ಹೇಳಲು ಕಲಿತಿದ್ದಾರೆ.