ನಿಮಗಿದು ಗೊತ್ತೆ? ಆರ್‌ಎಕ್ಸ್ 100ರ ಆಯಿಲ್ ಪಂಪು

ಯಮಹಾ ಆರ್‌ಎಕ್ಸ್ 100 ಬೈಕು ಭಾರತದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ. ಆ ಗಾತ್ರಕ್ಕೆ ಅದೇನೂ ಕಡಿಮೆಯಲ್ಲ. ನಂಜನಗೂಡು, ತಿ. ನರಸೀಪುರದ ರಸ್ತೆಗಳಿಗೆ ಅದಕ್ಕೂ ಮೊದಲೇ ಪರಿಚಯವಿದ್ದವು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಿತ್ತು. ಜಪಾನಿ ವಿನ್ಯಾಸದ ಆರ್‌ಎಕ್ಸ್‌ನಲ್ಲಿ ಆಯಿಲ್‌ಗೆ ಬೇರೆಯೇ ಟ್ಯಾಂಕು. ಆಕ್ಸಿಲರೇಟರ್ ತಿರುಗಿಸಿದಷ್ಟಕ್ಕೆ ತಕ್ಕಂತೆ ಪುಟ್ಟ ಪಂಪೊಂದು ಅದನ್ನು ಎಂಜಿನ್‌ಗೆ ಕಳಿಸುತ್ತದೆ. ಹಳೆಯ ಗಾಡಿಯನ್ನು ಮತ್ತೆ ರಸ್ತೆಗಿಳಿಸುವವರು ಬಣ್ಣ, ಕ್ರೋಮಿಗಿಂತ ಮೊದಲು ನೋಡಬೇಕಾದದ್ದು ಈ ಪಂಪನ್ನೇ. ಅದು ಕೈಕೊಟ್ಟರೆ ಆಯಿಲ್ ಸಿಗದೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ; ಸಿಲಿಂಡರ್ ಬೋರ್ ಮಾಡಿಸಿ ಹೆಚ್ಚಿನ ಅಳತೆಯ ಪಿಸ್ಟನ್ ಹಾಕಿಸಬೇಕಾಗುತ್ತದೆ. ಸೈಲೆನ್ಸರಿನಲ್ಲಿ ಕಟ್ಟಿದ ಮಸಿ ತೆಗೆಸುವುದು ಆಮೇಲಿನ ಕೆಲಸ. ಗಾಡಿ ರಸ್ತೆಗಿಳಿಯಲು ದಾಖಲೆಯೂ ಸರಿಯಿರಬೇಕು: 15 ವರ್ಷ ದಾಟಿದ ಬೈಕಿನ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು.