ನಾಣ್ಯದ ದೋಷ: ಟಂಕಸಾಲೆಯದೋ, ಅರದ್ದೋ?

ಅಂಚು ತುಂಡಾದ ಐದು ರೂಪಾಯಿ ನಾಣ್ಯವನ್ನು ಟಂಕಸಾಲೆಯ ಅಪರೂಪದ ದೋಷವೆಂದು ಹೇಳಿ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಕೊರಕ ಹೊಡೆದ ಕಾಫಿ ಬೀಜವನ್ನೂ ಪಲ್ಪರಿನಲ್ಲಿ ತುಂಡಾದ ಬೀಜವನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲ ನಮಗೆ ಈ ಪರೀಕ್ಷೆ ಕಷ್ಟವಲ್ಲ.

ಟಂಕಸಾಲೆಯಲ್ಲಿ ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ, ಹಿಂದೆ ಕತ್ತರಿಸಿದ ತೂತಿನ ಮೇಲೆ ಯಂತ್ರ ಬಿದ್ದರೆ ಬಿಲ್ಲೆಯ ಒಂದು ಪಾಲು ಇಲ್ಲವಾಗುತ್ತದೆ. ಅಚ್ಚು ಒತ್ತುವುದು ಆಮೇಲೆ. ಆದ್ದರಿಂದ ಕೊರತೆಯ ಬಳಿ ಅಕ್ಷರಗಳು ಮಸುಕಾಗಿ ಹಿಗ್ಗಿರುತ್ತವೆ. ಅದರ ನೇರ ಎದುರಿನ ಅಂಚೂ ಹೆಚ್ಚಾಗಿ ಮಸುಕಾಗಿರುತ್ತದೆ.

ಅರದಿಂದ ಉಜ್ಜಿದ್ದಾದರೆ ಅಕ್ಷರಗಳು ಅರ್ಧಕ್ಕೇ ತುಂಡಾಗಿ, ಉಜ್ಜಿದ ಗೆರೆಗಳು ಕಾಣುತ್ತವೆ. ಎದುರಿನ ಅಂಚು ಸರಿಯಾಗಿಯೇ ಇರುತ್ತದೆ. ತೂಕ ಎರಡರಲ್ಲೂ ಕಡಿಮೆಯೇ, ತಕ್ಕಡಿಯೊಂದನ್ನೇ ನಂಬಬಾರದು.

ಹಳೆಯ ನಾಣ್ಯದ ವ್ಯಾಪಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಿದ್ದನ್ನೂ ನಾವು ಮರೆಯದಿರೋಣ.