ಸಾರ್ವಜನಿಕರ ಮೊಬೈಲಿನಿಂದ ದಾಖಲೆ ಸ್ವೀಕಾರ: ಕಚೇರಿಯದೇ ಆದ ವ್ಯವಸ್ಥೆ

ಗ್ರಾಮ ಪಂಚಾಯತಿ ಕಚೇರಿಗೆ ಬರುವ ಅರ್ಜಿದಾರರಲ್ಲಿ ಅನೇಕರು ಈಗ ಜೆರಾಕ್ಸ್ ಪ್ರತಿಗೆ ಬದಲಾಗಿ ಮೊಬೈಲಿನಲ್ಲಿರುವ ಚಿತ್ರ ಅಥವಾ ಪಿಡಿಎಫ್ ತರುತ್ತಾರೆ. ಇ-ಸ್ವತ್ತಿಗೆ ಕ್ರಯಪತ್ರ, ಕಟ್ಟಡ ಪರವಾನಗಿಗೆ ನಕ್ಷೆ, ಚರಂಡಿಯ ದೂರಿಗೆ ಛಾಯಾಚಿತ್ರ, ಗುರುತಿಗೆ ಆಧಾರ್, ಇವೆಲ್ಲವೂ ಸಾಮಾನ್ಯವಾಗಿ ತಲುಪುವುದು ಸಿಬ್ಬಂದಿಯೊಬ್ಬರ ಸ್ವಂತ ವಾಟ್ಸಾಪ್ ಸಂಖ್ಯೆಗೆ. ಆ ಹೊತ್ತಿನ ಕೆಲಸ ಅದರಿಂದ ಆಗುತ್ತದೆ. ಆದರೆ ದಾಖಲೆ ಉಳಿಯುವುದು ಪಂಚಾಯತಿಯ ಬಳಿಯಲ್ಲ, ಆ ಸಿಬ್ಬಂದಿಯ ಮೊಬೈಲಿನಲ್ಲಿ. ಅವರು ವರ್ಗವಾದರೆ, ಕೆಲಸ ಬಿಟ್ಟರೆ ಅಥವಾ ಮೊಬೈಲ್ ಕಳೆದುಕೊಂಡರೆ ಊರಿನವರ ಆಧಾರ್ ಮತ್ತು ಆಸ್ತಿಪತ್ರಗಳ ಪ್ರತಿಗಳೂ ಅದರೊಂದಿಗೆ ಹೋಗುತ್ತವೆ.

ಎರಡನೆಯ ತೊಡಕು ಚಿತ್ರದ ಗುಣಮಟ್ಟದ್ದು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗುತ್ತದೆ. ಕ್ಯಾಮೆರಾ ಅದರೊಳಗೆ ಬರೆದಿಟ್ಟ ಸ್ಥಳದ ವಿವರವೂ ಅಳಿಸಿಹೋಗುತ್ತದೆ. ಹಳೆಯ ಕ್ರಯಪತ್ರದ ಚೆಕ್ಕುಬಂದಿಯ ಸಾಲು ಓದಲಾಗದಿದ್ದಲ್ಲಿ ಅರ್ಜಿದಾರರು ಮತ್ತೆ ಕಚೇರಿಗೆ ಅಲೆಯಬೇಕಾಗುತ್ತದೆ. ಡಾಕ್ಯುಮೆಂಟ್ ಆಯ್ಕೆಯಿಂದ ಕಳುಹಿಸಿದರೆ ಈ ನಷ್ಟ ತಪ್ಪುತ್ತದೆ, ಆದರೆ ಮೊದಲನೆಯ ತೊಡಕು ಹಾಗೆಯೇ ಉಳಿಯುತ್ತದೆ.

ಬೀಗ ಹಾಕಿದ ಪೆಟ್ಟಿಗೆಯ ಮಾದರಿ

ಕಚೇರಿಯ ಗೋಡೆಯ ಮೇಲಿನ ದೂರು ಪೆಟ್ಟಿಗೆಯಲ್ಲಿ ಯಾರು ಬೇಕಾದರೂ ಪತ್ರ ಹಾಕಬಹುದು. ಒಳಗೆ ಏನಿದೆಯೆಂದು ಹಾಕಿದವರು ನೋಡಲಾಗದು. ಬೀಗದ ಕೈ ಜವಾಬ್ದಾರರ ಬಳಿ ಇರುತ್ತದೆ. ಇದೇ ಕ್ರಮವನ್ನು ಪಂಚಾಯತಿಯ ಸ್ವಂತ ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶದಿಂದ ಏರ್ಪಡಿಸಬಹುದು. ಫೈಲು ಯಾವುದೇ ಕಂಪನಿಯ ಸರ್ವರಿಗೆ ಹೋಗುವುದಿಲ್ಲ. ಕಚೇರಿಯ ವೈಫೈ ಮೂಲಕ ಅರ್ಜಿದಾರರ ಮೊಬೈಲಿನಿಂದ ನೇರವಾಗಿ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಇಂಟರ್ನೆಟ್ ಸಂಪರ್ಕ ಕಡಿದ ದಿನವೂ, ವಿದ್ಯುತ್ ಇದ್ದಲ್ಲಿ, ಸ್ವೀಕಾರ ನಿಲ್ಲುವುದಿಲ್ಲ.

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಲೋಕಲ್‌ಸೆಂಡ್ ಎಂಬ ಆ್ಯಪ್. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲದರಲ್ಲಿಯೂ ಇದು ನಡೆಯುತ್ತದೆ. ಆದರೆ ಅರ್ಜಿದಾರರ ಮೊಬೈಲಿನಲ್ಲಿಯೂ ಆ್ಯಪ್ ಇರಬೇಕು. ಆದುದರಿಂದ ಇದು ಸಿಬ್ಬಂದಿಯ ನಡುವಿನ ವರ್ಗಾವಣೆಗೆ ಹೆಚ್ಚು ಸೂಕ್ತ.

ಎರಡನೆಯದು ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶ. ಇದರಲ್ಲಿ ಒಂದು ಫೋಲ್ಡರನ್ನು ‘ಹಾಕಲು ಮಾತ್ರ, ನೋಡಲು ಅಲ್ಲ’ ಎಂಬಂತೆ ತೆರೆಯಬಹುದು. ಅದರ ಕೊಂಡಿಯನ್ನು ಕ್ಯೂಆರ್ ಸಂಕೇತವಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರೆ ಅರ್ಜಿದಾರರು ಸ್ಕ್ಯಾನ್ ಮಾಡಿ, ಬ್ರೌಸರಿನಲ್ಲಿಯೇ ಫೈಲು ಆರಿಸಿ ಹಾಕುತ್ತಾರೆ. ಆ್ಯಪ್ ಬೇಡ, ಖಾತೆ ಬೇಡ. ಒಬ್ಬರ ದಾಖಲೆ ಮತ್ತೊಬ್ಬರಿಗೆ ಕಾಣಿಸುವುದಿಲ್ಲ. ಕಚೇರಿಯ ಕಂಪ್ಯೂಟರ್ ಬಹಳ ಹಳೆಯದಾಗಿದ್ದಲ್ಲಿ ಕಾಪಿಪಾರ್ಟಿ ಎಂಬ ಹಗುರ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ.

ಸ್ಥಳಾವಕಾಶದ ಚಿಂತೆ ಬೇಕಿಲ್ಲ. ವರ್ಷಕ್ಕೆ 1000 ಅರ್ಜಿ, ಅರ್ಜಿಗೆ 5 ಫೈಲು, ಫೈಲಿಗೆ 4 ಎಂಬಿ ಎಂದು ಹಿಡಿದರೂ ಆಗುವುದು ಸುಮಾರು 20 ಜಿಬಿ. 500 ಜಿಬಿ ಡಿಸ್ಕ್ ಇರುವ ಕಂಪ್ಯೂಟರ್ ಹಲವು ವರ್ಷಗಳಿಗೆ ಸಾಕು.

ಪಾಲಿಸಬೇಕಾದ ಎಚ್ಚರಿಕೆಗಳು

1. ಡಿಜಿಟಲ್ ಸಹಿಯ ಡಾಂಗಲ್ ಬಳಸುವ ಕಂಪ್ಯೂಟರನ್ನು ಸಾರ್ವಜನಿಕರ ವೈಫೈ ಜಾಲದಲ್ಲಿ ಇಡಕೂಡದು. ಸ್ವೀಕಾರದ ಕಂಪ್ಯೂಟರ್ ಪ್ರತ್ಯೇಕವಾಗಿರಬೇಕು.

2. ಪಿಡಿಎಫ್ ಮತ್ತು ಚಿತ್ರಗಳನ್ನು ಮಾತ್ರ, ಗಾತ್ರಕ್ಕೆ ಮಿತಿ ಹಾಕಿ ಸ್ವೀಕರಿಸಬೇಕು. ವೈರಸ್ ತಪಾಸಣೆ ಆಗುವವರೆಗೆ ಯಾವ ಫೈಲನ್ನೂ ತೆರೆಯಬಾರದು.

3. ಇಂಟರ್ನೆಟ್ ಇಲ್ಲದ ವೈಫೈ ಸೇರಿದಾಗ ಕೆಲವು ಮೊಬೈಲುಗಳು ತಾವಾಗಿಯೇ ಮೊಬೈಲ್ ಡೇಟಾಗೆ ಮರಳುತ್ತವೆ, ಪುಟ ತೆರೆಯುವುದಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳುವಂತೆ ಕ್ಯೂಆರ್ ಫಲಕದಲ್ಲಿಯೇ ಸೂಚನೆ ಬರೆಯಬೇಕು.

4. ವಾರಕ್ಕೊಮ್ಮೆ ಬೇರೊಂದು ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು ಬೀರುವಿನಲ್ಲಿ ಬೀಗ ಹಾಕಿಡಬೇಕು. ಕಂಪ್ಯೂಟರ್ ಕೆಟ್ಟರೆ ಕಂಪನಿಯ ಸರ್ವರಿನಲ್ಲಿ ಮತ್ತೊಂದು ಪ್ರತಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

5. ಮನೆಯಿಂದಲೇ ಕಳುಹಿಸುವ ಸೌಲಭ್ಯವನ್ನು ಮೊದಲ ಹಂತದಲ್ಲಿ ತೆರೆಯದಿರುವುದು ಲೇಸು. ಅದಕ್ಕೆ ಸಾರ್ವಜನಿಕ ಇಂಟರ್ನೆಟ್ ವಿಳಾಸ, ಭದ್ರತಾ ಪ್ರಮಾಣಪತ್ರ ಹಾಗೂ ತಪ್ಪದೆ ತಂತ್ರಾಂಶ ನವೀಕರಿಸುವ ವ್ಯಕ್ತಿ ಬೇಕು.

ಫೈಲು ಬಂದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತಲ್ಲ ಎಂಬುದು ಮುಖ್ಯ. ಆವಕ ವಹಿಯಲ್ಲಿ ನಮೂದಿಸಿ, ಆ ಸಂಖ್ಯೆಯನ್ನೇ ಫೈಲಿನ ಹೆಸರಿನಲ್ಲಿ ಸೇರಿಸಿ, ಅರ್ಜಿದಾರರಿಗೆ ಸ್ವೀಕೃತಿ ಕೊಡಬೇಕು. ಇಲ್ಲದಿದ್ದಲ್ಲಿ ‘ಕಳುಹಿಸಿದ್ದೇನೆ’, ‘ಬಂದಿಲ್ಲ’ ಎಂಬ ಹಳೆಯ ವಾದ ಹೊಸ ರೂಪದಲ್ಲಿ ಮುಂದುವರಿಯುತ್ತದೆ.

ಸದಸ್ಯರು ತೀರ್ಮಾನಿಸಬೇಕಾದದ್ದು

ತಂತ್ರಾಂಶ ಅಳವಡಿಸುವುದು ತಂತ್ರಜ್ಞರ ಕೆಲಸ. ಆದರೆ ದಾಖಲೆಗಳ ಹೊಣೆ ಯಾರದು ಎಂಬುದು ಸಭೆಯ ತೀರ್ಮಾನಕ್ಕೆ ಬರಬೇಕಾದ ವಿಷಯ. 2005ರ ಮಾಹಿತಿ ಹಕ್ಕು ಅಧಿನಿಯಮದ ‘ದಾಖಲೆ’ ಎಂಬ ಪದದ ವ್ಯಾಖ್ಯೆಯಲ್ಲಿ ಕಂಪ್ಯೂಟರಿನಿಂದ ಉಂಟಾದ ಸಾಮಗ್ರಿಯೂ ಸೇರಿದೆ. ವೈಯಕ್ತಿಕ ಮಾಹಿತಿಯನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಒತ್ತಿ ಹೇಳುತ್ತದೆ. ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ಚದುರಿರುವ ಫೈಲುಗಳಿಂದ ಇವೆರಡನ್ನೂ ಪಾಲಿಸುವುದು ಕಷ್ಟ.

ಆದುದರಿಂದ ಸಾಮಾನ್ಯ ಸಭೆಯಲ್ಲಿ ನಾಲ್ಕು ಅಂಶಗಳನ್ನು ಚರ್ಚಿಸಿ ನಡವಳಿಯಲ್ಲಿ ದಾಖಲಿಸುವುದು ಸೂಕ್ತ: ಸ್ವೀಕಾರದ ಕಂಪ್ಯೂಟರಿನ ಪಾಸ್‌ವರ್ಡ್ ಯಾವ ಹುದ್ದೆಯವರ ಬಳಿ ಇರಬೇಕು, ಹುದ್ದೆ ಬದಲಾದಾಗ ಅದನ್ನು ಹೇಗೆ ಹಸ್ತಾಂತರಿಸಬೇಕು; ಯಾವ ಅರ್ಜಿಗೆ ಯಾವ ದಾಖಲೆ ಮಾತ್ರ ಕೇಳಬೇಕು, ಆಧಾರ್ ಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಾಕೇ; ಕೆಲಸ ಮುಗಿದ ನಂತರ ಫೈಲುಗಳನ್ನು ಎಷ್ಟು ಕಾಲ ಇರಿಸಬೇಕು; ಈಗಾಗಲೇ ಸಿಬ್ಬಂದಿಯ ಮೊಬೈಲಿನಲ್ಲಿರುವ ದಾಖಲೆಗಳನ್ನು ಯಾವ ದಿನಾಂಕದೊಳಗೆ ಕಚೇರಿಗೆ ವರ್ಗಾಯಿಸಿ ಅಳಿಸಬೇಕು.

ಸ್ಮಾರ್ಟ್‌ಫೋನ್ ಇಲ್ಲದವರಿಂದ ಕಾಗದದ ಪ್ರತಿಯನ್ನು ಎಂದಿನಂತೆಯೇ ಸ್ವೀಕರಿಸತಕ್ಕದ್ದು. ಹೊಸ ವ್ಯವಸ್ಥೆ ಇದೆಯೆಂಬ ಕಾರಣಕ್ಕೆ ಯಾರ ಅರ್ಜಿಯೂ ಹಿಂದಿರುಗಬಾರದು.